ಮರಿಗಳ ಬಾಣಂತಿಕೋಣೆ

ಪುಷ್ಯ ಮಾಸದ ಮಂಜು ಕೊರ್ಲಹಳ್ಳಿಯನ್ನು ಪೂರ್ತಿ ನುಂಗಿತ್ತು. ತುಂಗಭದ್ರೆ ಎಲ್ಲಿ ಮುಗಿಯಿತು, ನಮ್ಮ ಹೊಲ ಎಲ್ಲಿ ಶುರುವಾಯಿತು, ಒಂದೂ ತಿಳಿಯದು. ದಂಡೆಯ ಮೇಲಿನ ನಮ್ಮ ಕೋಳಿ ಶೆಡ್ಡು ಮೋಡದೊಳಗೆ ಕಟ್ಟಿದ ಮನೆಯಂತಿತ್ತು. ಬೆಳ್ಳಂಬೆಳಗ್ಗೆ ಬಂದಿಳಿದ ಮರಿಗಳು ಒಳಗೆ ಚಿಂವ್‌ಗುಡುತ್ತಿದ್ದವು. ಕಣ್ಣು ಮುಚ್ಚಿ ಕೇಳಿದರೆ ಹೊಳೆಯೇ ಸಣ್ಣ ದನಿಯಲ್ಲಿ ಹಾಡುತ್ತಿದೆ ಅನ್ನಬೇಕು. ನನಗೆ ಕಣ್ಣು ಮುಚ್ಚಲು ಪುರುಸೊತ್ತಿರಲಿಲ್ಲ. ಹೀಟರ್ ಆರಿತ್ತು.

ಅದೇನು ಮಹಾ ಯಂತ್ರವಲ್ಲ. ಚಾವಣಿಯ ಕೆಳಗೆ ಉದ್ದಕ್ಕೆ ತೂಗುಹಾಕಿದ ಕಬ್ಬಿಣದ ಕೊಳವೆ. ಒಂದು ತುದಿಯಲ್ಲಿ ಗ್ಯಾಸ್ ಉರಿಯುತ್ತದೆ, ಕೊಳವೆ ಕಾಯುತ್ತದೆ, ಎಳೆಬಿಸಿಲಿನಂತೆ ಶಾಖ ಮರಿಗಳ ಬೆನ್ನ ಮೇಲೆ ಇಳಿಯುತ್ತದೆ. ಶಾಖವಿಲ್ಲದಿದ್ದರೆ ಅವು ಒಂದರ ಮೇಲೊಂದು ಬಿದ್ದು ಸಾಯುತ್ತವೆ. ಅಂದು ಹೊತ್ತಿಸಿದರೆ ಹೊತ್ತುತ್ತಿತ್ತು, ತುಸು ಹೊತ್ತು ಬಿಟ್ಟು ಆರುತ್ತಿತ್ತು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಆ ಕೊಳವೆಯ ವಂಶವನ್ನೆಲ್ಲ ಜಾಲಾಡಿಬಿಟ್ಟೆ.

ನನಗಿಂತ ಹೆಚ್ಚು ಕಂಗಾಲಾಗಿದ್ದವರು ನಮ್ಮತ್ತೆ ಅಮೃತವ್ವ. ಅವರ ಚೊಚ್ಚಲ ಹೆಣ್ಣುಕೂಸು ಇಂಥದೇ ಚಳಿಯಲ್ಲಿ ಬಾಣಂತಿಕೋಣೆಯೊಳಗೆ ಮಲಗಿದ್ದು ಏಳಲೇ ಇಲ್ಲ. "ಎಲ್ಲೋ ಒಂದು ಕಿಂಡಿ ಮುಚ್ಚೂದು ಬಿಟ್ಟಿದ್ದೆ, ಥಂಡಿ ಹೊಕ್ಕಿತು" ಎಂದು ಇಂದಿಗೂ ಹೇಳಿಕೊಳ್ಳುತ್ತಾರೆ. ನಮ್ಮ ಕಡೆ ಬಾಣಂತಿಕೋಣೆ ಎಂದರೆ ಗಾಳಿಗೂ ಅಪ್ಪಣೆ ಇಲ್ಲ. ಕಿಟಕಿಗೆ ಕೌದಿ, ಕಿಂಡಿಗೆ ಚಿಂದಿ, ಬಾಣಂತಿ ಮಲಗುವ ಹೊರಸಿನ ಕೆಳಗೆ ಕೆಂಡ. ಮರಿಗಳು ಬರುವ ಮುಂಚೆ ಶೆಡ್ಡನ್ನೂ ಅವರು ಹಾಗೇ ಸಜ್ಜು ಮಾಡಿದ್ದರು. ಈ ಸಲ ಒಂದು ಮರಿಯೂ ಚಳಿಗೆ ಹೋಗಬಾರದು ಎಂಬುದು ಅವರ ಹಟ. ಈಗ ಸೆರಗಿನಲ್ಲಿ ಸೊರಗಿದ ಮರಿಗಳನ್ನು ತುಂಬಿಕೊಂಡು, ಕನಸಿನಲ್ಲಿದ್ದವರಂತೆ ಜೋಗುಳ ಹೇಳುತ್ತ ಕೂತಿದ್ದರು.

ಹೀಟರ್ ಕೂಡಿಸಿಕೊಟ್ಟ ಬೆಟಗೇರಿಯ ಮೊಹಸಿನನಿಗೆ ಫೋನ್ ಹಚ್ಚಿದೆ. ಎರಡೂ ಕೈ ಕೆಲಸಕ್ಕೆ ಬೇಕಲ್ಲ, ಸ್ಪೀಕರ್ ಹಾಕಿ ಗೂಟಕ್ಕೆ ತೂಗುಬಿಟ್ಟೆ.

"ಸಿಲಿಂಡರ್ ತುಂಬೇತೇನ್ರಿ ಅಕ್ಕಾರ?"

"ತುಂಬೇತಿ. ಹೊಸಾದು."

"ಫ್ಯಾನ್ ತಿರಗತೈತಿ?"

"ತಿರಗತೈತಿ. ಕಿಡಿನೂ ಟಿಕ್ ಟಿಕ್ ಅಂತೈತಿ. ಉರಿ ಬರತೈತಿ, ಆರತೈತಿ. ನಿನ್ನ ಹೀಟರ್‌ಗೆ ಬಂದ ರೋಗ ಏನಪಾ ಅದು?"

ಅವನು ನಕ್ಕ. "ಗಾಜಿನ ಕಿಂಡ್ಯಾಗ ನೋಡ್ರಿ. ಉರಿ ನೀಲಿ ಐತೋ ಹಳದಿ ಐತೋ?"

ಮತ್ತೆ ಹೊತ್ತಿಸಿ ನೋಡಿದೆ. ಹಳದಿ. ಜ್ವರ ಬಂದವರ ಕಣ್ಣಿನ ಹಾಗೆ ಮಂಕಾಗಿ ತೂಗಾಡಿ ಆರಿಹೋಯಿತು.

"ಗಾಳಿ ಸಾಲವಲ್ದು. ಹೊರಗ ಗ್ವಾಡಿಗೆ ಗಾಳಿ ಎಳಕೊಳ್ಳೂ ಪೈಪ್ ಐತಲ್ರಿ, ಅದರ ಬಾಯಿ ನೋಡ್ರಿ. ಗುಬ್ಬಿ ಗೂಡು ಕಟ್ಟಿರತಾವ."

ಮಂಜಿನಲ್ಲಿ ಗೋಡೆ ತಡವುತ್ತ ಹೋದೆ. ನನ್ನ ಕೈಯೇ ನನಗೆ ಕಾಣದು. ಪೈಪಿನ ಬಾಯಿಗೆ ಬೆರಳು ಹಾಕಿದರೆ ಮೆತ್ತಗಿನ ಬಟ್ಟೆ ಸಿಕ್ಕಿತು. ಎಳೆದೆ. ಕೂಸಿನ ಕುಂಚಿಗೆ. ತಲೆ, ಬೆನ್ನು ಎರಡೂ ಮುಚ್ಚುವ ಹಾಗೆ ಖಣದ ಬಟ್ಟೆಯಲ್ಲಿ ಹೊಲಿದು ಅಂಚಿಗೆ ಕವಡೆ ಕಟ್ಟಿದ್ದು. ಆ ಹೆಣ್ಣುಕೂಸಿನದೆಂದು ಅತ್ತೆ ಟ್ರಂಕಿನ ತಳದಲ್ಲಿ ಇಟ್ಟುಕೊಂಡಿದ್ದು. ಅಂಟಿದ ಧೂಳು ಕೊಡವಿ ಮಡಚಿದೆ.

ಒಳಗೆ ಬಂದು ಅದನ್ನು ಅವರ ಮಡಿಲಲ್ಲಿಟ್ಟೆ.

"ಆ ತೂತಿನ್ಯಾಗ ಗಾಳಿ ಸುಂಯ್ ಅಂತಿತ್ತು ಯವ್ವಾ" ಎಂದರು. "ಚಿಂದಿ ಎಲ್ಲಾ ತೀರಿದ್ದವು. ಇದು ಬೆಚ್ಚಗಿರತೈತಿ ಅಂತ ತುರುಕಿದೆ."

ಹೀಟರ್ ಮತ್ತೆ ಹೊತ್ತಿಸಿದೆ. ಈ ಸಲ ಉರಿ ನೀಲಿಯಾಗಿ ನಿಂತಿತು. ಕೊಳವೆ ಟಣ್ ಟಣ್ ಎಂದು ಮೈ ಮುರಿಯಿತು. ಅತ್ತೆ ಕೆಳಗೆ ಬಿಟ್ಟ ಮರಿಗಳು ತೂಕಡಿಸುತ್ತ ಒಂದೊಂದೇ ಕಾಲು ಚಾಚಿ ಹರಡಿಕೊಂಡವು. ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳೇಕೆ ಹೇಳಲಿ.

ಗೂಟದ ಮೇಲಿನ ಫೋನ್ ಇನ್ನೂ ಮಾತಾಡುತ್ತಿತ್ತು. "ಏನಿತ್ರಿ? ಬಟ್ಟೀನ? ಹಂಗ ಮುಚ್ಚಬ್ಯಾಡ್ರಿ ಅಕ್ಕಾರ. ಗಾಳಿ ಇಲ್ಲದ ಬೆಂಕಿ ವಿಷದ ಗಾಳಿ ಉಗುಳತೈತಿ. ಅದಕ್ಕ ವಾಸನಿ ಇಲ್ಲ, ಬಣ್ಣ ಇಲ್ಲ. ಬಾಗಲಾ ಹಾಕಿ ಕೆಂಡ ಇಟಗೊಂಡು ಮಲಗಿದವರು ತಲಿ ಭಾರಾಗಿ ಮಲಗಿದಲ್ಲೇ ಸತ್ತು ಹೋಗತಾರ."

ನಾನು ಓಡಿ ಹೋಗಿ ಫೋನ್ ಕಟ್ ಮಾಡಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅತ್ತೆ ಕುಂಚಿಗೆಯ ಕವಡೆಗಳನ್ನು ಸವರುತ್ತಿದ್ದರು.

"ಕಾವೇರಿ, ಅವತ್ತು ನನ್ನ ತಲಿನೂ ಭಾರಾಗಿತ್ತು. ಏಳಾಕ ಆಗಲಿಲ್ಲ."

"ಬಾಣಂತಿ ಅಂದ್ಮ್ಯಾಲ ತಲಿ ಭಾರ ಇರೂದ ಬಿಡ್ರಿ."

"ಹೊರಸಿನ ಬುಡಕ ಕೆಂಡ ಇತ್ತು."

ಎದುರಿಗಿದ್ದವರು ಯಾರೇ ಇರಲಿ, ಇದ್ದದ್ದನ್ನು ಇದ್ದಹಾಗೆ ಮುಖಕ್ಕೆ ಹೊಡೆದಂತೆ ಹೇಳುವವಳು ನಾನು. ಊರಿಗೆಲ್ಲ ಗೊತ್ತು. ಆ ಹೊತ್ತು ಹೋಗಿ ಅವರ ಪಕ್ಕ ಕೂತೆ.

"ಅತ್ತಿ, ನೀವ ಹೇಳ್ತಿದ್ರಲ್ಲ, ಒಂದು ಕಿಂಡಿ ಮುಚ್ಚಿರಲಿಲ್ಲಂತ. ಅಂದ್ರ ಗಾಳಿ ಬರತಿತ್ತು. ಕೂಸು ಥಂಡಿಗೇ ಹೋತ್ರಿ."

"ಒಂದು ಕಿಂಡಿ ಉಳದಿತ್ತು, ಹೌದಲ್ಲ?"

"ಹೂಂರಿ, ಉಳದಿತ್ತು."

ಆಗ ನಾನು ಹುಟ್ಟೇ ಇರಲಿಲ್ಲ. ಅದು ಅವರಿಗೂ ಗೊತ್ತು. ನನ್ನ ಮುಖವನ್ನು ಒಮ್ಮೆ ನೋಡಿ, ತಲೆ ಸವರಿದರು. ಆಮೇಲೆ ಮೊಣಕಾಲು ಹಿಡಿದುಕೊಂಡು ಎದ್ದು ಗೋಡೆಯ ಹತ್ತಿರ ಹೋಗಿ, ತಾವೇ ತುರುಕಿದ್ದ ಚಿಂದಿಗಳನ್ನು ಒಂದೊಂದಾಗಿ ಎಳೆದು ತೆಗೆಯತೊಡಗಿದರು.