ಬಾಲ್ಕನಿ ಕೆಳಗೆ ಕೂರುವವರು ಯಾರು?

ಮೇಸ್ತ್ರಿಗೆ ಬರುತ್ತಿದ್ದದ್ದು ಒಂದೇ ಇಂಗ್ಲಿಷ್ ಮಾತು: ಸೆಟ್. ಅದನ್ನೇ ಉಪ್ಪಿನ ಹಾಗೆ ಎಲ್ಲದಕ್ಕೂ ಉದುರಿಸುತ್ತಿದ್ದ. ಮಗಳಿಗೆ ಗಂಡು ಗೊತ್ತಾದರೆ ಮದುವೆ ಸೆಟ್. ತಪಾಸಣೆಗೆ ಬಂದ ಇಂಜಿನಿಯರಿಗೆ ಬಾಟಲಿ ಕೊಡಿಸಿದರೆ ಇಂಜಿನಿಯರ್ ಸೆಟ್. ಬಾಯಲ್ಲಿ ಕಟ್ಟಿಸಿಕೊಂಡ ಹಲ್ಲೂ ಸೆಟ್ಟೇ. ಕೂಲಿಯವರನ್ನು ಗದರಿಸಿ ಬಾಯಿ ಮುಚ್ಚಿಸಿದರೆ ಅದೂ ಸೆಟ್. ಅವನ ತಮ್ಮನ ಹೆಂಡತಿ ಅದೇ ಕಟ್ಟಡದಲ್ಲಿ ಕಾಂಕ್ರೀಟ್ ಹೊರುತ್ತಿದ್ದಳು. ಆ ಮಾತು ಕಿವಿಗೆ ಬಿದ್ದರೆ ಅವಳ ಮೈ ಉರಿಯುತ್ತಿತ್ತು. ತಾವು ಯಾವ ಬಾಡಿಗೆ ಮನೆಯಲ್ಲಿರಬೇಕು, ತಾನು ಯಾವಾಗ ತವರಿಗೆ ಹೋಗಬೇಕು, ಎಲ್ಲವನ್ನೂ ಅವನೇ ಸೆಟ್ ಮಾಡುತ್ತ ಬಂದಿದ್ದ.

ಆ ಬೆಳಿಗ್ಗೆ ಅವನು ಮಹಡಿಯ ಬಾಲ್ಕನಿ ಕಡೆ ಕೈ ತೋರಿಸಿದ. ಕಾಂಕ್ರೀಟ್ ಹಾಕಿ ವಾರವೂ ಆಗಿರಲಿಲ್ಲ. ಗೋಡೆಯಿಂದ ಹೊರಗೆ ಚಾಚಿದ್ದ ಅದನ್ನು ಎತ್ತಿ ಹಿಡಿದಿದ್ದದ್ದು ಕೆಳಗಿನ ಆಸರೆ ಕಂಬಗಳೇ.

"ಸೆಟ್ ಆಗಿದೆ. ಕಂಬ ಬಿಚ್ಚೋ ತಮ್ಮಾ. ಇನ್ನೊಂದು ಕೆಲಸಕ್ಕೆ ಬೇಕು."

ಅವಳ ಗಂಡ ಕೂಡಲೇ ಸುತ್ತಿಗೆ ಎತ್ತಿಕೊಂಡ. ಅಣ್ಣ ಬಾವಿಗೆ ಬೀಳು ಅಂದರೆ ಯಾವ ಬಾವಿ ಅಂತ ಕೇಳುವ ಆಸಾಮಿ.

ಅವಳು ತಲೆಮೇಲಿನ ಬಾಂಡಲಿಯನ್ನು ದಡಾರನೆ ಕೆಳಕ್ಕೆ ಎಸೆದಳು. "ಹಂಗಾದ್ರೆ ಬನ್ನಿ ಭಾವ, ಕೂತ್ಕೊಳ್ಳಿ."

ಎಲ್ಲರ ಕೈ ನಿಂತಿತು. ಆ ಕೆಲಸದವರಲ್ಲಿ ಒಂದು ಕಟ್ಟುಪಾಡಿತ್ತು. ಕಾಂಕ್ರೀಟ್ ಗಟ್ಟಿಯಾಯಿತು ಎಂದು ಹೇಳಿದವನೇ, ಕಂಬ ಬಿಚ್ಚಿ ಮುಗಿಯುವವರೆಗೆ ಅದರ ಕೆಳಗೆ ಕೂತಿರಬೇಕು. ಮೇಸ್ತ್ರಿಯ ಅಪ್ಪ ಟೀ ಕುಡಿಯುತ್ತ ಹಾಗೇ ಕೂರುತ್ತಿದ್ದ. ಮಗ ಬೈಕ್ ಕೊಂಡು ಮೇಸ್ತ್ರಿಯಾದ ಮೇಲೆ ಕೂರು ಅನ್ನುವ ಧೈರ್ಯ ಯಾರಿಗೂ ಬಂದಿರಲಿಲ್ಲ.

"ಹಳೇ ಕಾಲದ್ದೆಲ್ಲ ತೆಗೀತೀಯಲ್ಲಮ್ಮ," ಮೇಸ್ತ್ರಿ ನಕ್ಕ. "ನನಗೆ ಸೊಂಟ ನೋವು. ತಮ್ಮ ಕೂರ್ತಾನೆ, ಇನ್ಯಾರಾದ್ರೂ ಬಿಚ್ಚಲಿ. ನಾನೂ ಒಂದೇ, ಅವನೂ ಒಂದೇ."

ಆ ಪುಣ್ಯಾತ್ಮ ನಿಜಕ್ಕೂ ಹೋಗಿ ಕೂತುಬಿಟ್ಟ! ಚಕ್ಕಳಮಕ್ಕಳ ಹಾಕಿಕೊಂಡು ಬೇರೆ.

ಅವಳ ಪಿತ್ತ ನೆತ್ತಿಗೇರಿತು. ಗಂಡನ ಕಾಲರ್ ಹಿಡಿದು ದರದರನೆ ಬಯಲಿಗೆ ಎಳೆದು ಹಾಕಿದಳು. "ಬೈಕ್ ಮೇಲೆ ಕೂರೋವಾಗ ಇಬ್ರೂ ಒಂದೇ ಅಲ್ಲ. ಇಂಜಿನಿಯರ್ ಪಕ್ಕ ಕುರ್ಚೀಲಿ ಕೂರೋವಾಗ ಒಂದೇ ಅಲ್ಲ. ಸಾಯೋಕೆ ಮಾತ್ರ ಒಂದೇನಾ ಭಾವ?"

"ನಾಲಿಗೆ ಬಿಗಿ ಹಿಡಿ!"

"ಹಿಡೀತೀನಿ. ನೀವು ಕೂತ ತಕ್ಷಣ ಹಿಡೀತೀನಿ."

ಕಂಬಿ ಕಟ್ಟುವ ಮುದುಕ ಗಂಟಲು ಸರಿಮಾಡಿಕೊಂಡ. "ಒಂದು ಲೋಟ ಟೀ ಕುಡಿಯೋಷ್ಟು ಹೊತ್ತು ಮೇಸ್ತ್ರಿ. ಟೀ ನಾನೇ ತಂದ್ಕೊಡ್ತೀನಿ."

ಯಾರೋ ಕಿಸಕ್ಕೆಂದರು. ಮೇಸ್ತ್ರಿ ಬಿರಬಿರನೆ ಬಾಲ್ಕನಿಯ ಅಂಚಿನವರೆಗೆ ಬಂದ. ಕತ್ತೆತ್ತಿ ನೋಡಿದ. ಅದರ ಕೆಳಗಿಟ್ಟ ಒಂದು ಕಾಲನ್ನು ಹಿಂದಕ್ಕೆ ತೆಗೆದ.

"ಇರಲಿ ಕಂಬ. ಇನ್ನೂ ಹಸಿ ಇದೆ," ಎಂದು ಗೊಣಗಿದ. ಬೈಕ್ ಹತ್ತಿದ ಮೇಲೆ ದನಿ ಮರಳಿ ಬಂತು: "ನಾಳೆಯಿಂದ ಗಂಡ ಹೆಂಡ್ತಿ ಬೇರೆ ಕಡೆ ಕೆಲಸ ನೋಡ್ಕೊಳ್ಳಿ!"

ಗಂಡ ಮೈಯ ಧೂಳು ಕೊಡವಿಕೊಳ್ಳುತ್ತ ಎದ್ದ. "ಎಲ್ರ ಮುಂದೆ ಅಣ್ಣನ ಮಾನ ತೆಗೆದೆ. ನಮ್ಮ ಹೊಟ್ಟೆ ಮೇಲೂ ಹೊಡೆದೆ."

"ಹಸಿ ಇದೆ ಅಂತ ಗೊತ್ತಿದ್ದೂ ನಿನ್ನ ಕೂರಿಸ್ದ. ಅದು ತಲೆಗೆ ಹೋಯ್ತಾ, ಇಲ್ವಾ?"

ಅವನು ಬಾಲ್ಕನಿಯ ತಳವನ್ನು ನೋಡಿದ. ಅಣ್ಣ ಹೋದ ದಾರಿ ನೋಡಿದ. ಮುಖ ಬಿಳುಚಿತು. ಏನೋ ಹೇಳಲು ಬಾಯಿ ತೆರೆದ.

"ಈಗ ಮಾತಾಡ್ಬೇಡ," ಎಂದಳು ಅವಳು. "ನಿನ್ನ ಮೇಲಿನ ಸಿಟ್ಟು ಇನ್ನೂ ಬಾಕಿ ಇದೆ."