ಕೋಟೆಯ ಪಾಯ

ಮಾರ್ಚ್ ರಜೆಗೆ ಎಲ್ಲಿಗೆ ಹೋಗುವುದೆಂದು ನಿರ್ಧರಿಸುವ ಅಧಿಕಾರ ರಮಾಳ ಕೈಗೆ ಬಂದದ್ದು ಅಪ್ಪಿತಪ್ಪಿ. ಅವಳು ಮದುವೆಯಾಗಿ ಬಂದಾಗಿನಿಂದಲೂ ಅದು ವಾರಗಿತ್ತಿ ದಾಕ್ಷಾಯಣಿಯ ಇಲಾಖೆ. ಡಾಲಸ್ ಪಕ್ಕದ ಪ್ಲೇನೋದಿಂದ ದಾಕ್ಷಾಯಣಿ ಒಂದು ಫೋನು ಮಾಡಿದರೆ ಆಸ್ಟಿನ್ ಪಕ್ಕದೂರು ಸೀಡರ್ ಪಾರ್ಕಿನಲ್ಲಿ ಇವರು ಹೊರಟು ನಿಲ್ಲಬೇಕು. ಹೆಚ್ಚಾಗಿ ಹ್ಯೂಸ್ಟನ್ನಿನ ದೇವಸ್ಥಾನಕ್ಕೆ. ಈ ಸಲ ಅವಳು ಹೊಸ ಮನೆ ಕಟ್ಟಿಸುವ ಗಡಿಬಿಡಿಯಲ್ಲಿದ್ದಳು. ನೀನೇ ಏನಾದರೂ ನೋಡು ಎಂದುಬಿಟ್ಟಳು.

ರಮಾ ನೋಡಿದಳು. ಮಗಳು ಅನಘಾ ಶಾಲೆಯಲ್ಲಿ ಲ್ಯಾಟಿನ್ ಕಲಿಯುತ್ತಿದ್ದಳು. ರೋಮನ್ನರ ಗಡಿಕೋಟೆಗಳ ಮೇಲೆ ಪ್ರಾಜೆಕ್ಟು ಮಾಡಬೇಕಿತ್ತು. ಅವು ಉಳಿದಿರುವ ಇಂಗ್ಲೆಂಡಿಗೆ ಹೋಗಿ ನೋಡುವ ಮಾತಂತೂ ಇಲ್ಲ. ಗಡಿ ಯಾವುದಾದರೇನು, ಸಿಪಾಯಿಗೆ ಮಲಗಲು ಜಾಗ, ಕಾಳಿಗೆ ಕಣಜ, ರೊಟ್ಟಿಗೆ ಒಲೆ ಬೇಕೇ ಬೇಕು, ಟೆಕ್ಸಸ್ಸಿನದನ್ನೇ ನೋಡಿ ಹೋಲಿಸಿ ಎಂದು ಟೀಚರು ಹೇಳಿದ್ದರಂತೆ. ಆಸ್ಟಿನ್ನಿನ ಪಶ್ಚಿಮಕ್ಕೆ ಅಂಥದೊಂದು ಹಾಳುಬಿದ್ದ ಕೋಟೆ ಸಿಕ್ಕಿತು. ಅಲ್ಲಿನ ಹವೆ, ಹಾವು, ಶೌಚಾಲಯ ಎಲ್ಲದರ ಬಗ್ಗೆಯೂ ರಮಾ ಮುಂಚೆಯೇ ಓದಿಕೊಂಡಳು. ಗೋಡೆ ಎಷ್ಟು ಉಳಿದಿದೆ ಎಂಬುದನ್ನು ಮಾತ್ರ ನೋಡಲಿಲ್ಲ. ಕೋಟೆ ಅಂದಮೇಲೆ ಕೋಟೆ.

ಉಳಿದವರೂ ಹಾಗೇ ಅಂದುಕೊಂಡಿದ್ದರು. ಎಲ್ಲರ ಕಣ್ಣಲ್ಲೂ ಇದ್ದದ್ದು ಚಿತ್ರದುರ್ಗ. ದಾಕ್ಷಾಯಣಿ ಬೆಟ್ಟ ಹತ್ತುವ ಬೂಟು ಹಾಕಿ ಬಂದಿದ್ದಳು. ಅವಳ ಗಂಡ ರಾಮಮೂರ್ತಿ ಮೊಣಕಾಲಿಗೆ ಪಟ್ಟಿ ಬಿಗಿದಿದ್ದರು. ಮೈಸೂರಿನಿಂದ ಬಂದಿದ್ದ ಮಾವ ನಂಜುಂಡಸ್ವಾಮಿ, ಸುರಂಗ ಇದ್ದರೆ ಇರಲಿ ಎಂದು ಟಾರ್ಚು ತಂದಿದ್ದರು.

ಕಾರಿನಿಂದ ಇಳಿದರೆ ಬರೀ ಬಯಲು. ಹುಲ್ಲಿನ ನಡುವೆ ಮೊಣಕಾಲೆತ್ತರದ ಕಲ್ಲಿನ ಸಾಲುಗಳು, ಅಲ್ಲೊಂದು ಇಲ್ಲೊಂದು ಒಂಟಿ ಹೊಗೆಗೂಡು.

"ಇದಕ್ಕಾ ನಾಲ್ಕು ಗಂಟೆ ಡ್ರೈವ್ ಮಾಡಿದ್ದು?" ಎಂದಳು ದಾಕ್ಷಾಯಣಿ. ಕೇಳಿದ್ದು ಗಂಡನನ್ನು, ಕೇಳಿಸಿದ್ದು ರಮಾಳಿಗೆ.

ಈ ಮನೆಯಲ್ಲಿ ಯಾವ ಎಡವಟ್ಟಿಗೂ ಸಾವಿಲ್ಲ. ರಮಾಳ ಗಂಡ ಸುಧೀಂದ್ರ ಒಮ್ಮೆ ಡಾಲಸ್ಸಿನ ಹೆದ್ದಾರಿಯಲ್ಲಿ ತಪ್ಪು ಎಕ್ಸಿಟ್ ತೆಗೆದುಕೊಂಡದ್ದನ್ನು ಇವತ್ತಿಗೂ ಯುಗಾದಿಯೂಟದಲ್ಲಿ ಒಬ್ಬಟ್ಟಿನ ಜೊತೆ ಬಡಿಸುತ್ತಾರೆ. ಇನ್ನು 'ರಮಾ ತೋರಿಸಿದ ಕೋಟೆ' ಎಂಬುದು ಅನಘಾಳ ಮದುವೆಯವರೆಗೂ ನಡೆಯುತ್ತದೆ. ಅದಾದರೂ ಹೋಗಲಿ. ಎಲ್ಲಿಗೆ ಹೋಗೋಣ ಎಂದು ತನ್ನನ್ನು ಇನ್ನೊಮ್ಮೆ ಯಾರೂ ಕೇಳುವುದಿಲ್ಲ. ಒಬ್ಬರು ತನ್ನನ್ನು ಕೇಳುವುದು ಎಷ್ಟು ಹಿತವಾಗಿತ್ತೆಂದು ಅವಳಿಗೆ ಈಗ ತಿಳಿಯಿತು.

ಸುಧೀಂದ್ರ ಕಾರಿನ ಡಿಕ್ಕಿಯೊಳಗೆ ತಲೆ ತೂರಿಸಿ ಊಟದ ಡಬ್ಬಿಗಳನ್ನು ಹುಡುಕುವವನಂತೆ ನಿಂತುಬಿಟ್ಟ. ಮಾವ ಮಾತ್ರ ಬಾಗಿಲಿನ ಗುರುತಿದ್ದ ಕಡೆಯಿಂದಲೇ ಒಂದು ಕಲ್ಲಿನ ಚೌಕದೊಳಗೆ ಹೋಗಿ, ಕೈ ಹಿಂದೆ ಕಟ್ಟಿ ನಿಂತರು. ಊರಿನಲ್ಲಿ ಯಾರದೇ ಮನೆ ಪಾಯದ ಮಟ್ಟಕ್ಕೆ ಬಂದಾಗ ನೆಂಟರು ನೋಡಲು ಹೋಗಿ ನಿಲ್ಲುವುದು ಹೀಗೆಯೇ.

"ಏನಮ್ಮ ಇದು, ನಡುಮನೆಯಾ?" ಎಂದು ಮೊಮ್ಮಗಳನ್ನು ಕೇಳಿದರು.

ಅನಘಾ ಬೋರ್ಡು ಓದಿದಳು. "ನೋ ತಾತ, ಬೇಕರಿ."

"ತೀರಾ ಚಿಕ್ಕದಾಯ್ತು."

ರಮಾ ಯಾವ ಮಾತನ್ನೂ ತೂಗದೆ ಆಡುವವಳಲ್ಲ. ಆದರೆ ಆ ಗಳಿಗೆಯಲ್ಲಿ ತಕ್ಕಡಿ ಎಲ್ಲಿತ್ತೋ. ಹೊರಗೇ ನಿಂತಿದ್ದ ದಾಕ್ಷಾಯಣಿಯತ್ತ ತಿರುಗಿ, "ಒಳಗೆ ಬನ್ನಿ ಅಕ್ಕ. ಗೋಡೆ ಎದ್ದ ಮೇಲೆ ದೊಡ್ಡದಾಗಿ ಕಾಣತ್ತೆ" ಎಂದುಬಿಟ್ಟಳು.

ಆಡಿದ ಮೇಲೆ ನೆನಪಾಯಿತು. ತನ್ನ ಹೊಸ ಮನೆಯ ಪಾಯ ತೋರಿಸುತ್ತ ದಾಕ್ಷಾಯಣಿ ಹೋದ ತಿಂಗಳು ಪ್ರತಿ ಕೋಣೆಯಲ್ಲೂ ನಿಂತು ಹೇಳಿದ್ದ ಮಾತು ಇದೇ. ರಾಮಮೂರ್ತಿ ಹೆಂಡತಿಯ ಮುಖ ನೋಡಿದರು, ನಗು ತಡೆಯಲಾರದೆ ಬೆನ್ನು ತಿರುಗಿಸಿದರು. ಅವರ ಭುಜ ಕುಣಿಯುತ್ತಿತ್ತು.

ದಾಕ್ಷಾಯಣಿ ರಮಾಳನ್ನು ಹೊಸಬಳನ್ನು ನೋಡುವಂತೆ ನೋಡಿದಳು. ಆಮೇಲೆ ಬೂಟುಗಾಲನ್ನು ಒಳಗಿಟ್ಟಳು.

"ಒಲೆ ಎಲ್ಲಿ ಕೊಟ್ಟಿದಾರೆ?" ಎಂದಳು.

ಒಲೆಯ ಗುಂಡಿ ಇದ್ದದ್ದು ಆಗ್ನೇಯದಲ್ಲಲ್ಲ, ನೈಋತ್ಯದಲ್ಲಿ. ಮಾವ ಸೂರ್ಯನನ್ನು ನೋಡಿ ದಿಕ್ಕು ಖಚಿತ ಮಾಡಿಕೊಂಡು, ಅದಕ್ಕೇ ಕೋಟೆ ಬಿತ್ತು ಎಂದು ತೀರ್ಪು ಕೊಟ್ಟರು. ಅಲ್ಲಿಂದ ಶುರುವಾಯಿತು. ಕಣಜಕ್ಕೆ ಗಾಳಿ ಸಾಲದು, ಸಿಪಾಯಿಗಳ ಸಾಲುಮನೆ ನಮ್ಮ ಹಾಸ್ಟೆಲಿಗಿಂತ ವಾಸಿ, ಕಮಾಂಡರನ ಮನೆಗೆ ಎರಡು ಹೊಗೆಗೂಡು ಯಾಕೆ. ಕಲ್ಲಿನ ಮೇಲೆ ಯಾರೂ ಹತ್ತಬಾರದು, ಹುಲ್ಲಿನಲ್ಲಿ ಹೆಜ್ಜೆ ನೋಡಿ ಇಡಬೇಕು ಎಂದು ಎಚ್ಚರಿಸುತ್ತ ರಮಾ ಹಿಂದೆಹಿಂದೆಯೇ ಓಡಾಡಿದಳು. ಅನಘಾ ಎಲ್ಲವನ್ನೂ ವಿಡಿಯೋ ಮಾಡಿಕೊಂಡು, ರೋಮನ್ನರಿಗೆ ವಾಸ್ತು ಇತ್ತಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಯಾರಿಗೂ ಗೊತ್ತಿರಲಿಲ್ಲ. ಆದರೂ ಎಲ್ಲರೂ ಉತ್ತರ ಹೇಳಿದರು.

ಊಟಕ್ಕೆ ಓಕ್ ಮರದ ಕೆಳಗೆ ಜಮಖಾನ ಹಾಸುವಷ್ಟರಲ್ಲಿ ಬಿಸಿಲು ಇಳಿಮುಖವಾಗಿತ್ತು. ದಾಕ್ಷಾಯಣಿ ಬೂಟು ಬಿಚ್ಚಿ ಕಾಲು ಚಾಚಿದಳು.

"ಬೇಸಿಗೆ ರಜೆಗೂ ನೀನೇ ಏನಾದ್ರೂ ನೋಡಿಡು ರಮಾ" ಎಂದಳು. "ಆದ್ರೆ ಮೊದಲು ಫೋಟೋ ಕಳ್ಸು."

ರಮಾ ಹೂಂ ಎಂದು, ಕೇಳದೆಯೇ ಅವಳ ತಟ್ಟೆಗೆ ಇನ್ನೊಂದು ಸೌಟು ಪುಳಿಯೋಗರೆ ಬಡಿಸಿದಳು.