ಅಳತೆಯ ದಾರ

ಅಷ್ಟು ಬಿಗಿಯಾಗಿ ಜಗ್ಗಬಾರದು, ಎಂದು ನಾಜಮೀನ್ ತನ್ನೊಳಗೇ ಹೇಳಿಕೊಂಡಳು.

ಇಲಿಯಾಸ್ ಚಾಚಾ ಅಪ್ಪನ ತಲೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು ದಾರದ ತುದಿ ಹಿಡಿದಿದ್ದ. ಕಾಲ ಕಡೆ ಈರಪ್ಪ ಕಾಕಾ ಅದನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು, ಸೆಟೆದು ನಿಲ್ಲುವವರೆಗೆ ಎಳೆಯುತ್ತಿದ್ದ. ಇಬ್ಬರ ನಡುವೆ ಬಿಳಿ ಚಾದರದ ಕೆಳಗೆ ಅವಳ ಅಪ್ಪ, ಗಾದಿ ಹೊಲಿಯುವ ಮಾಬುಸಾಬ. ನಸುಕಿನಲ್ಲಿ ಉಸಿರು ಸಿಗದೆ ಎದ್ದು ಕೂತವನು ಹಾಗೇ ಗೋಡೆಗೆ ಒರಗಿ ಹೋಗಿಬಿಟ್ಟಿದ್ದ. ಕಬರು ಅಗೆಯುವವನಿಗೆ ಈಗ ಅವನ ಅಳತೆ ಬೇಕಾಗಿತ್ತು.

ಅವರಲ್ಲಿ ಯಾರು ತೀರಿಕೊಂಡರೂ ಕೋಲಿನಿಂದ ಅಳೆಯುವುದು ವಾಡಿಕೆ. ಕೋಲು ತರಲು ಎದ್ದ ಚಾಚಾನನ್ನು ತಡೆದವನು ಈರಪ್ಪ ಕಾಕಾ.

"ಕೋಲು ಯಾಕ್ರಿ? ಅವನ ಮೀನಿನ ದಾರ ಐತಲ್ಲ. ಜೀವಾ ಇಟ್ಟಿದ್ದ ಅದರ ಮ್ಯಾಲ. ಅದರಲೇನ ಅಳೀರಿ. ಅಷ್ಟರ ಅವನ ಜೋಡಿ ಹೋಗಲಿ."

ಕೊರಳಲ್ಲಿ ಲಿಂಗ ಕಟ್ಟಿದ ಮನುಷ್ಯ. ಕೆರೆಯಿಂದ ಅಪ್ಪ ಮೀನು ಹಿಡಿದು ಬರುವಾಗ ದಾರಿಯಲ್ಲಿ ಸಿಕ್ಕರೆ ಮುಖ ಆ ಕಡೆ ತಿರುಗಿಸಿ, "ಎಷ್ಟ ದೊಡ್ಡದಲೇ?" ಎಂದು ಕೇಳುತ್ತಿದ್ದವನು. ಅವನ ಬಾಯಿಂದ ಈ ಮಾತು ಬಂದದ್ದಕ್ಕೆ ಚಾಚಾನ ಕಣ್ಣು ತುಂಬಿ ಬಂದಿತ್ತು. ಗೂಟಕ್ಕೆ ತೂಗುಬಿದ್ದಿದ್ದ, ದಾರ ಸುತ್ತಿದ ರೀಲು ಕೆಳಗಿಳಿದಿತ್ತು.

ಈಗ ಚಾಚಾ ಬ್ಲೇಡಿನಿಂದ ದಾರ ಕೊಯ್ದ. ಕೊಯ್ದ ಕೂಡಲೇ ಅದು ಗಿಡ್ಡವಾಯಿತು. ನಾಲ್ಕು ಬೆರಳು, ಇಲ್ಲವೆಂದರೆ ಐದು. ಅದು ಕಂಡದ್ದು ನಾಜಮೀನಳಿಗೆ ಮಾತ್ರ. ಉಳಿದವರು ನೋಡಿದ್ದು ನೆಲದ ಮೇಲೆ ಸುರುಳಿಯಾದ ಒಂದು ನೈಲಾನ್ ದಾರವನ್ನು. ಚಾಚಾ ಅದನ್ನು ಕಿಸೆಗೆ ಹಾಕಿಕೊಂಡು ಮೋಟರ್ ಸೈಕಲ್ ಹತ್ತಿದ.

ಎರಿ ಮಣ್ಣಿನಲ್ಲಿ ಕಬರು ಸಡಿಲವಾಗಿ ಅಗೆಯುವಂತಿಲ್ಲ. ಮಳೆಗೆ ಹಸಿಯಾದ ನೆಲ, ಹೆಚ್ಚು ಅಗೆದರೆ ಬದಿ ಕುಸಿಯುತ್ತದೆ. ಅದಕ್ಕೇ ಅಗೆಯುವವನು ಕೊಟ್ಟ ಅಳತೆ ಬಿಟ್ಟು ಒಂದು ಬೆರಳೂ ಆಚೆ ಹೋಗುವವನಲ್ಲ. ಅಪ್ಪ ಉದ್ದನೆಯ ಆಳು. ಊರ ಮಂದಿ ಕಾಲು ಚಾಚಿ ಮಲಗಲೆಂದು ಜೀವಮಾನವಿಡೀ ಗಾದಿ ತುಂಬಿದವನು ಮೊಣಕಾಲು ಮಡಚಿಕೊಂಡು ಮಲಗಬೇಕೆ?

ಹೇಳು, ಎಂದುಕೊಂಡಳು. ಅಂಗಳದ ತುಂಬ ಗಂಡಸರು. ಒಳಕೋಣೆಗೆ ಸರಿದಳು.

*

ಆ ರೀಲು ಧಾರವಾಡದ ನಿವೃತ್ತ ಸಾಹೇಬರೊಬ್ಬರದು. ಹಳೆಯ ಗಾದಿ ಬಿಚ್ಚಿ ಹತ್ತಿ ಹಿಂಜಲು ಅಪ್ಪನನ್ನು ಕರೆಸಿದ್ದರು. ಅವನು ಗೋಡೆಯ ಮೇಲಿನ ಮೀನು ಹಿಡಿಯುವ ಬೆತ್ತವನ್ನೂ ರೀಲನ್ನೂ ಮತ್ತೆ ಮತ್ತೆ ನೋಡುವುದನ್ನು ಕಂಡು, "ಒಯ್ಯಿ, ನನ್ನ ಕೈಲೆ ಇನ್ನ ಆಗೂದಿಲ್ಲ" ಅಂದಿದ್ದರು. ದುಂಡನೆಯ ಹಳೇ ನಮೂನೆಯದು. ದಾರದ ತುದಿಗೆ ಮೀನನ್ನು ಸೆಳೆಯುವ ರಬ್ಬರಿನ ಕಪ್ಪೆಯನ್ನು ಕಟ್ಟಿ ಎಸೆದರೆ ದಾರ ಸುತ್ತಿದ ಉರುಳೆಯೇ ಗರಗರ ತಿರುಗುತ್ತದೆ. ಹೆಬ್ಬೆರಳು ಅದರ ಮೇಲೆ ಹಗುರಾಗಿ ಕೂತಿರಬೇಕು. ಕಪ್ಪೆ ನೀರಿಗೆ ಬಿದ್ದ ಮೇಲೂ ಉರುಳೆ ತಿರುಗಿತೋ, ದಾರವೆಲ್ಲ ಹಿಂಜಿದ ಹತ್ತಿಯಂತೆ ಉಬ್ಬಿ ಸಿಕ್ಕಾಗುತ್ತದೆ.

ದಾರ ತರಲು ಅಪ್ಪ ಮಗಳು ಹುಬ್ಬಳ್ಳಿಗೆ ಹೋಗಿದ್ದರು. ಅಂಗಡಿಯವನು ಮೊದಲಿಗೇ ಹೆಣೆದ ದಾರವನ್ನು ಮುಂದಿಟ್ಟ.

"ಇದ ತಗೋರಿ. ಕೂದಲಿನಂಗ ಸಣ್ಣ. ಆನಿ ಜಗ್ಗಿದರೂ ಹರಿಯಂಗಿಲ್ಲ."

ಅಪ್ಪ ಎರಡು ಬೆರಳ ನಡುವೆ ಹೊಸೆದು ನೋಡಿದ. "ಆನಿ ಹಿಡಿಯಾಕ ಹೊಂಟಿಲ್ಲಪಾ ನಾವು. ಇಷ್ಟ ಸಣ್ಣದು ಜಗ್ಗಿದಾಗ ತನ್ನ ಸುತ್ತಿನಾಗ ತಾನ ಹೂತ ಕುಂದರತೈತಿ. ಮತ್ತ ಒಗದರ ಹೊರಗ ಬರಂಗಿಲ್ಲ."

ಎರಡನೆಯದು ಬಿರುಸಾದ ನೈಲಾನ್. ಅದನ್ನು ಬೆರಳಿಗೆ ಸುತ್ತಿ ಬಿಟ್ಟ. ಪುಟಿದು ಬಿಚ್ಚಿಕೊಂಡಿತು. "ಇದು ಉರುಳಿ ಮ್ಯಾಲ ನಿಲ್ಲೂದಿಲ್ಲ. ಸಿಟ್ಟಿನ ದಾರ."

ಮೂರನೆಯದೂ ನೈಲಾನ್. ತುಸು ದಪ್ಪ, ಮೆತ್ತಗೆ. ಅದನ್ನು ಅವಳ ಕೈಗೆ ಕೊಟ್ಟ. "ನೀ ಹೇಳವಾ, ಓದಿದಾಕಿ."

ಮೊಬೈಲಿನಲ್ಲಿ ಓದಿದ್ದನ್ನೆಲ್ಲ ನೆನಪಿಸಿಕೊಂಡು ಅವಳು ಪಿಸುಗುಟ್ಟಿದಳು. "ಇದು ಹಿಗ್ಗತೈತಿ ಅಬ್ಬಾ. ಜಗ್ಗಿದರ ಉದ್ದ ಆಗತೈತಿ. ಬಿಟ್ಟರ ಮತ್ತ ಮೊದಲಿನಂಗ."

"ಜೋರ ಹೇಳವಾ, ಇಲ್ಲೇನು ಯಾರೂ ಮಲಗಿಲ್ಲ," ಎಂದು ಅಂಗಡಿಯವನು ನಕ್ಕ. ಅವಳು ತಲೆ ತಗ್ಗಿಸಿದಳು.

"ಹಿಗ್ಗಲಿ," ಅಂದ ಅಪ್ಪ. "ಮೀನು ಒಮ್ಮಿಗಿಲೇ ಜಗ್ಗಿತಂದ್ರ ಅದರ ಬಾಯಿ ಹರೀಬಾರದು. ಇದನ್ನ ಕೊಡಪಾ. ಕೈಗೆ ಸಿಗತೈತಿ, ಮಾತ ಕೇಳತೈತಿ."

*

ಒಳಕೋಣೆಯಲ್ಲಿ ತಾಯಿ ಅಮೀರಬಿಯ ಸುತ್ತ ಹೆಂಗಸರು ಕೂತಿದ್ದರು. ಅಮೀರಬಿ ಅತ್ತು ಅತ್ತು ದನಿ ಹೋಗಿ ಗೋಡೆ ನೋಡುತ್ತಿದ್ದಳು. ಬಾಜೂ ಮನೆಯ ಸಾವಿತ್ರೆವ್ವ ಸೆರಗಿನಿಂದ ಮೂಗು ಒರೆಸಿಕೊಂಡು ಹೇಳುತ್ತಿದ್ದಳು.

"ನನ್ನ ಮದುವಿ ಗಾದಿ ಇವರನ ಹೊಲಿದದ್ದು. ಅದರ ಮ್ಯಾಲ ಮಲಗಾವ ಹೋಗಿ ಯಾವ ಕಾಲ ಆತು, ಗಾದಿ ಇನ್ನೂ ಗಟ್ಟಿ ಐತಿ."

ಯಾರೋ ನಕ್ಕರು. ನಕ್ಕವರೇ ಮತ್ತೆ ಅತ್ತರು.

ನಾಜಮೀನ್ ಸೋದರತ್ತೆ ಹಲೀಮಾಬಿಯ ಕಿವಿಯ ಹತ್ತಿರ ಬಾಗಿದಳು. "ಫುಪ್ಪು, ಆ ಅಳತಿ ಸರಿ ಇಲ್ಲ. ಚಾಚಾಗ ಹೇಳ್ರಿ. ಕಬರ ಗಿಡ್ಡ ಆಗತೈತಿ."

"ಸುಮ್ನಿರು. ಅದು ಗಂಡಸರ ಕೆಲಸ."

"ದಾರ ಜಗ್ಗಿ ಅಳದಾರ..."

"ನಿಮ್ಮ ಅಮ್ಮಾಗ ಒಂದ ಗುಟುಕ ನೀರ ಕುಡಸು. ಅದು ನಿನ್ನ ಕೆಲಸ."

ಅವಳು ನೀರು ಕುಡಿಸಿದಳು. ಹೊರಗೆ ಅಪ್ಪನಿಗೆ ಸ್ನಾನ ಮಾಡಿಸುವ ನೀರಿನ ಸಪ್ಪಳ ಕೇಳುತ್ತಿತ್ತು. ಇಷ್ಟು ಹೊತ್ತಿಗೆ ಕಬರಸ್ತಾನದಲ್ಲಿ ಗುದ್ದಲಿ ನೆಲಕ್ಕೆ ಬಿದ್ದಿರುತ್ತದೆ.

*

ಹತ್ತಿಯ ಧೂಳು ಅಪ್ಪನ ಎದೆಗೆ ಇಳಿದಿತ್ತು. ಬರಬರುತ್ತಾ ಕೈ ಮೇಲೆತ್ತಿದರೆ ಉಬ್ಬಸ, ಬೆತ್ತ ಬೀಸಿದರೆ ಕಣ್ಣು ಕತ್ತಲು. ಒಂದು ಬೆಳಿಗ್ಗೆ ಕೆರೆಯ ಆಚೆ ದಂಡೆಯ ಜಾಲಿಗಂಟಿಗಳ ಮರೆಯಲ್ಲಿ ಅವನು ಬೆತ್ತವನ್ನು ಅವಳ ಕೈಗಿಟ್ಟು ಕಲ್ಲಿನ ಮೇಲೆ ಕೂತ.

"ಒಗಿ."

"ನಂಗ ಬರಂಗಿಲ್ಲ ಅಬ್ಬಾ."

"ಬರಂಗಿಲ್ಲ ಅಂತ ಕಪ್ಪಿಗೆ ಗೊತ್ತಿಲ್ಲಲ್ಲ. ಒಗಿ."

ಮೊದಮೊದಲು ದಿನಾ ಸಿಕ್ಕು. ಅಪ್ಪ ಬಯ್ಯದೆ ಬಿಡಿಸುತ್ತಿದ್ದ. ಆಮೇಲೊಂದು ದಿನ ಉರುಳೆ ಅವಳ ಮಾತು ಕೇಳಿತು. ಕಪ್ಪೆ ನೀರಿನಲ್ಲಿ ಬೆಳೆದ ಆಪಿನ ಹುಲ್ಲಿನ ಅಂಚಿಗೇ ಹೋಗಿ ಕೂತಿತು. ಮಾತಿಲ್ಲದೆ ಮಾಡಬಹುದಾದ ಕೆಲಸ ಅದು. ಕಾಲೇಜಿನಲ್ಲಿ ಒಮ್ಮೆಯೂ ಎದ್ದು ಉತ್ತರ ಹೇಳದವಳಿಗೆ ನೀರೇ ಎದ್ದು ಉತ್ತರ ಕೊಡುತ್ತಿತ್ತು.

ಹೋದ ಮಳೆಗಾಲದಲ್ಲಿ ತೋಳಿನಷ್ಟುದ್ದದ ಕೊರವ ಮೀನು ಬಿತ್ತು. ಅಪ್ಪ ಕೂತಲ್ಲಿಂದಲೇ ಕೂಗಿದ. "ಬಿಡು, ಬಿಡು, ದಾರ ಹಿಗ್ಗಲಿ. ಈಗ ಜಗ್ಗು." ಊರಿಗೆ ಬರುವಾಗ, "ಇದು ನನ್ನ ಮಗಳು ಹಿಡದಾಳ ಅಂತ ಹೇಳತೀನಿ" ಎಂದು ಹಟ ಹಿಡಿದ.

"ಬ್ಯಾಡ್ರಿ ಅಬ್ಬಾ. ಮಂದಿ ಏನರ ಅಂತಾರ. ಅಮ್ಮಾ ಸಂಬಂಧ ನೋಡಾಕ ಹತ್ಯಾಳ."

ಅವನು ಮೀನನ್ನು ತಾನೇ ಹೆಗಲಿಗೆ ಹಾಕಿಕೊಂಡು ಅವಳ ಮುಂದೆ ನಡೆದ.

*

ಹೊತ್ತೊಯ್ಯುವ ಜನಾಜಾ ಅಂಗಳದಲ್ಲಿ ಸಿದ್ಧವಾಗಿತ್ತು. ಕಫನು ಹೊದಿಸಿ ಮುಖ ಮಾತ್ರ ತೆರೆದಿಟ್ಟಿದ್ದರು. ಹೆಂಗಸರು ಕೊನೆಯ ಸಲ ನೋಡಲು ಹೊಸ್ತಿಲಿಗೆ ಬಂದರು. ಆಚೆ ಗಂಡಸರ ನಡುವೆ ಈರಪ್ಪ ಕಾಕಾ ಅದೇ ಮೀನಿನ ಕತೆ ಹೇಳುತ್ತಿದ್ದ.

"ಇಷ್ಟ ಉದ್ದ ಇತ್ತು ನೋಡ್ರಿ. ನಾ ಮುಖ ತಿರುವಿದ್ದೆ, ಆದರೂ ಕಂಡಬಿಡ್ತು."

"ಚಾದ ಕಪ್ಪ ಹಿಡದರ ನಡಗತಿದ್ದ ಕೈಲೆ ಅಂಥಾದ್ದ ಹೆಂಗ ಹಿಡದನೋ," ಅಂದರು ಶಿದ್ಲಿಂಗಪ್ಪ ಮಾಸ್ತರರು.

"ಅದಕ್ಕ ಹಟಾ ಅಂತಾರ್ರಿ."

ಚಾಚಾ ಕಬರಸ್ತಾನದಿಂದ ತಿರುಗಿ ಬಂದ. ಚಪ್ಪಲಿಗೆ ಕಪ್ಪು ಮಣ್ಣು ಮೆತ್ತಿತ್ತು. "ಕಬರ ಆತು. ಆ ಅಗಿಯಾವ ಕೇಳ್ತಾನ, ಮಾಬುಸಾಬ ಇಷ್ಟ ಗಿಡ್ಡ ಇದ್ದನೇನು ಅಂತ. ಸತ್ತ ಮ್ಯಾಲ ಎಲ್ಲಾರೂ ಗಿಡ್ಡನಪಾ ಅಂದೆ. ನಡೀರಿ, ಎತ್ತೂಣು."

ನಾಲ್ವರು ಬಾಗಿದರು.

"ಚಾಚಾ."

ಯಾರಿಗೂ ಕೇಳಿಸಲಿಲ್ಲ. ನಾಜಮೀನ್ ಹೊಸ್ತಿಲು ದಾಟಿ ಅಂಗಳಕ್ಕೆ ಇಳಿದಳು. ಹಲೀಮಾಬಿ ಹಿಂದಿನಿಂದ ಅವಳ ದುಪಟ್ಟಾದ ಅಂಚು ಹಿಡಿದಳು. ದುಪಟ್ಟಾ ಜಾರಿ ಅತ್ತೆಯ ಕೈಯಲ್ಲೇ ಉಳಿಯಿತು.

"ಚಾಚಾ, ಎತ್ತಬ್ಯಾಡ್ರಿ. ಕಬರ ಗಿಡ್ಡ ಆಗೇತಿ. ಮೊದಲ ಅದನ್ನ ಬೆಳಸ್ರಿ."

ಎಲ್ಲರೂ ತಿರುಗಿದರು. ಚಾಚಾ ಮೆಲ್ಲಗೆ ಅಂದ, "ದಾರಲೇ ಅಳದೇವಿ ಬೇಟಾ, ನಿನ್ನ ಮುಂದನ. ದುಃಖ ಆಗೇತಿ ನಿಂಗ. ಒಳಗ ಹೋಗು."

"ಆ ದಾರ ಜಗ್ಗಿದರ ಹಿಗ್ಗತೈತ್ರಿ. ಕೊಯ್ದ ಮ್ಯಾಲ ಗಿಡ್ಡ ಆತು."

"ದಾರ ಎಲ್ಲಿಂದ ಗಿಡ್ಡ ಆಗತೈತಿ?"

"ಇರ್ರಿ ಇಲಿಯಾಸ್," ಅಂದ ಈರಪ್ಪ ಕಾಕಾ. ಅವನ ಮುಖದ ಬಣ್ಣ ಬದಲಾಗಿತ್ತು. ತಾನೇ ಎಳೆದ ಕೈಯನ್ನು ಒಮ್ಮೆ ನೋಡಿಕೊಂಡು ಕೇಳಿದ. "ನಿಂಗ ಹೆಂಗ ಗೊತ್ತವಾ ಅದು?"

ಮೊಬೈಲಿನಲ್ಲಿ ಓದಿದ್ದೆ ಎನ್ನಬಹುದಿತ್ತು. ಸುಳ್ಳೂ ಅಲ್ಲ. ಆದರೆ ಓದಿದ ಮಾತಿಗೆ ಕಬರು ಬೆಳೆಯುವುದಿಲ್ಲ ಎಂದು ಅವಳಿಗೆ ತಿಳಿದಿತ್ತು. ಒಳಗೆ ಅಮೀರಬಿ ಗೋಡೆಯಿಂದ ಕಣ್ಣು ತೆಗೆದು ಬಾಗಿಲ ಕಡೆ ನೋಡುತ್ತಿದ್ದಳು.

ನಾಜಮೀನ್ ಬಲಗೈಯನ್ನು ಮುಂದೆ ಚಾಚಿದಳು. ಹೆಬ್ಬೆರಳಿನ ಮೇಲೆ, ತಿರುಗುವ ದಾರ ಉಜ್ಜಿ ಉಜ್ಜಿ, ಚರ್ಮ ಬೆಲ್ಲದ ಬಣ್ಣಕ್ಕೆ ತಿರುಗಿ ಗಟ್ಟಿಯಾಗಿತ್ತು.

"ಒಗಿಯಾಕಿ ನಾನ ಇದ್ದೆ, ಕಾಕಾ," ಅಂದಳು. ದನಿ ಅಂಗಳದ ಆಚೆ ತುದಿಗೂ ಕೇಳಿಸಿತು. "ಆ ಮೀನ ಹಿಡದಾಕಿ ನಾನ."